ಊರಿನ ಸುದ್ದಿ, ಊರಿನ ಸಭೆ, ರೈತನ ಪಾಲು

ಇಂದು ದೆಹಲಿಯಲ್ಲಿ ನಡೆದ ಚರ್ಚೆ, ಹೊರದೇಶದ ಯುದ್ಧ, ದೂರದ ಪೇಟೆಯ ಧಾರಣೆ ಇವೆಲ್ಲವೂ ಹೊಲದ ಬದುವಿನ ಮೇಲೆ ಕುಳಿತ ರೈತನ ಅಂಗೈಗೇ ಮೊಬೈಲಿನ ಮೂಲಕ ಬಂದು ತಲುಪುತ್ತವೆ. ಆದರೆ ಅದೇ ರೈತನನ್ನು, ‘ನಿಮ್ಮ ಪಂಚಾಯಿತಿಯ ಮಳೆಮಾಪಕದಲ್ಲಿ ಕಳೆದ ವಾರ ಎಷ್ಟು ಮಿಲಿಮೀಟರ್ ಮಳೆ ದಾಖಲಾಯಿತು? ಈ ಸಲ ಬೆಳೆ ಕಟಾವು ಪ್ರಯೋಗ ಯಾರ ಹೊಲದಲ್ಲಿ ನಡೆಯಿತು? ನಿಮ್ಮ ವಾರ್ಡ್ ಸಭೆ ಯಾವ ದಿನ?’ ಎಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ಹೊರಗಿನ ಸುದ್ದಿ ಬೇಡವೆಂದು ನನ್ನ ವಾದವಲ್ಲ. ಆದರೆ ಹೊಲದ ಆಗುಹೋಗುಗಳನ್ನು ನಿರ್ಧರಿಸುವ ಸುದ್ದಿಯ ಬಹುಪಾಲು ಹುಟ್ಟುವುದು ನಮ್ಮ ಊರಿನಲ್ಲಿಯೇ. ಅದನ್ನು ತಿಳಿಯದೆ, ಅದು ಹುಟ್ಟುವ ಜಾಗದಲ್ಲಿ ಹಾಜರಿರದೆ ಮಾಡುವ ಬೇಸಾಯ ಅರ್ಧ ಬೇಸಾಯವೆಂಬುದು ನನ್ನ ಅಭಿಪ್ರಾಯ.

ಬೇಸಾಯಶಾಸ್ತ್ರದವರು ಬಿತ್ತನೆ, ಗೊಬ್ಬರ, ಕಳೆಗಳ ಮಾತು ಬಿಟ್ಟು ಸಭೆ, ಪಂಚಾಯಿತಿಗಳ ಮಾತನ್ನೇಕೆ ಆಡಬೇಕು ಎಂದು ಕೆಲವರು ಕೇಳಬಹುದು. ಕಾರಣವಿದೆ. ಒಬ್ಬ ರೈತ ತನ್ನ ಎರಡು ಎಕರೆಯಲ್ಲಿ ಒಳ್ಳೆಯ ಬೀಜ ಹಾಕಬಹುದು, ಹದವರಿತು ಎಡೆಕುಂಟೆ ಹೊಡೆಯಬಹುದು. ಆದರೆ ಮೇಲಿನ ಹೊಲದಿಂದ ಕೊಚ್ಚಿ ಬರುವ ನೀರನ್ನು ತಡೆಯುವುದು, ಕೆರೆಯ ಹೂಳು ತೆಗೆಯುವುದು, ಗೋಮಾಳವನ್ನು ಉಳಿಸುವುದು, ಹೊಲದ ದಾರಿಯನ್ನು ತೆರೆಯುವುದು ಒಬ್ಬನ ಕೈಯಲ್ಲಿ ಆಗುವ ಕೆಲಸಗಳಲ್ಲ. ನೀರು ಸರ್ವೆ ನಂಬರಿನ ಗಡಿಯನ್ನು ನೋಡಿ ಹರಿಯುವುದಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಮಣ್ಣು ಮತ್ತು ನೀರಿನ ಸಂರಕ್ಷಣೆಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಆ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ಪಟ್ಟಿಯ ಮೊದಲನೆಯ ವಿಷಯವೇ ಕೃಷಿ ಮತ್ತು ಕೃಷಿ ವಿಸ್ತರಣೆ. ಎರಡನೆಯದು ಭೂ ಅಭಿವೃದ್ಧಿ ಮತ್ತು ಮಣ್ಣಿನ ಸಂರಕ್ಷಣೆ. ಮೂರನೆಯದು ಸಣ್ಣ ನೀರಾವರಿ, ನೀರಿನ ನಿರ್ವಹಣೆ ಮತ್ತು ಜಲಾನಯನ ಅಭಿವೃದ್ಧಿ. ನಾಲ್ಕನೆಯದು ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ. ಬೇಸಾಯಗಾರನ ಬದುಕಿಗೆ ಸೇರಿದ ವಿಷಯಗಳು ಪಟ್ಟಿಯ ತಲೆಯಲ್ಲಿಯೇ ಇವೆ. ಹೀಗಿದ್ದರೂ ಪಂಚಾಯಿತಿಯೆಂದರೆ ಚರಂಡಿ, ಬೀದಿದೀಪ, ಮನೆ ಹಂಚಿಕೆ ಇಷ್ಟೇ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ.

ನಮ್ಮ ರಾಜ್ಯಕ್ಕೆ ಈ ವಿಷಯ ಹೊಸದೂ ಅಲ್ಲ. ಕೇಂದ್ರದ ತಿದ್ದುಪಡಿಗೆ ಮೊದಲೇ, 1983ರ ಕಾಯ್ದೆಯ ಮೂಲಕ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳು ಇಲ್ಲಿ ರೂಪುಗೊಂಡು 1987ರಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ತಂದು ‘ನೀರ್ ಸಾಬ್’ ಎಂದು ಜನರಿಂದ ಕರೆಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು ಆ ವ್ಯವಸ್ಥೆಗೆ ದುಡಿದ ಮಂತ್ರಿಗಳು. ನಂತರ 1993ರ ಪಂಚಾಯತ್ ರಾಜ್ ಕಾಯ್ದೆ ಬಂದಿತು. ಅದರಂತೆ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಇದಕ್ಕೆ ಅರ್ಜಿಯಿಲ್ಲ, ಶುಲ್ಕವಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಗ್ರಾಮಸಭೆಯೂ ವಾರ್ಡ್ ಸಭೆಯೂ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಲೇಬೇಕು. ಆಯ್ಕೆಯಾದ ಸದಸ್ಯರ ಅವಧಿ ಐದು ವರ್ಷಕ್ಕೆ ಮುಗಿಯುತ್ತದೆ. ಮತದಾರರ ಸಭೆಯಾದ ಗ್ರಾಮಸಭೆಗೆ ಅವಧಿ ಎಂಬುದೇ ಇಲ್ಲ.

ಇಲ್ಲಿ ಕ್ರಮವನ್ನು ಗಮನಿಸಬೇಕು. ಬೇಡಿಕೆಗಳು ಮೊದಲು ವಾರ್ಡ್ ಸಭೆಯಲ್ಲಿ ಪಟ್ಟಿಯಾಗಿ, ಅಲ್ಲಿಂದ ಗ್ರಾಮಸಭೆಗೆ ಬಂದು, ಆದ್ಯತೆಯ ಪ್ರಕಾರ ಪಂಚಾಯಿತಿಯ ವಾರ್ಷಿಕ ಯೋಜನೆಗೆ ಸೇರಬೇಕು. ವಾರ್ಡ್ ಸಭೆಗೆ ಹೋಗದೆ ಗ್ರಾಮಸಭೆಯಲ್ಲಿ ಎದ್ದು ಕೂಗುವುದು, ಬಿತ್ತನೆ ಹದ ಕಳೆದ ಮೇಲೆ ಕೂರಿಗೆ ಹುಡುಕಿದಂತೆ.

ಅರ್ಧ ಕಿಲೋ ಧಾನ್ಯದ ಬೆಲೆ

ಊರಿನ ಸುದ್ದಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಬೆಳೆ ವಿಮೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಆರಂಭವಾಯಿತು. ಇದರಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ನಿಮ್ಮ ಹೊಲವೊಂದರ ನಷ್ಟವನ್ನು ಬೇರೆಯಾಗಿ ಅಳೆಯುವುದಿಲ್ಲ. ಪಂಚಾಯಿತಿಯಲ್ಲಿ ಒಂದು ಬೆಳೆಗೆ ಸಾಮಾನ್ಯವಾಗಿ ನಾಲ್ಕು ಬೆಳೆ ಕಟಾವು ಪ್ರಯೋಗ ನಡೆಸಿ, ಅವುಗಳ ಸರಾಸರಿಯನ್ನು ಇಡೀ ಪಂಚಾಯಿತಿಯ ಇಳುವರಿಯೆಂದು ಹಿಡಿಯುತ್ತಾರೆ. ಕೆಲವು ಬೆಳೆಗಳಲ್ಲಿ ಉಪಗ್ರಹದ ಮಾಹಿತಿಯೂ ಸೇರತೊಡಗಿದೆ. ಆದರೂ ಹೊಲದಲ್ಲಿ ಕೊಯ್ದು ತೂಗುವ ಕೆಲಸ ತಪ್ಪಿಲ್ಲ.

ರಾಗಿ, ಭತ್ತದಂತಹ ಬೆಳೆಗಳಲ್ಲಿ ಪ್ರಯೋಗದ ತಾಕು 5 ಮೀಟರ್ ಉದ್ದ, 5 ಮೀಟರ್ ಅಗಲ, ಅಂದರೆ 25 ಚದರ ಮೀಟರ್. ಒಂದು ಹೆಕ್ಟೇರಿನಲ್ಲಿ ಇಂತಹ 400 ತಾಕುಗಳು ಹಿಡಿಯುತ್ತವೆ. ತಾಕಿನಲ್ಲಿ ಬಂದ ಒಂದು ಕಿಲೋ ಧಾನ್ಯ ಹೆಕ್ಟೇರಿಗೆ 4 ಕ್ವಿಂಟಾಲ್ ಎಂದಾಗುತ್ತದೆ. ಲೆಕ್ಕಕ್ಕಾಗಿ, ನಿಮ್ಮ ಪಂಚಾಯಿತಿಯ ರಾಗಿಯ ಖಾತರಿ ಇಳುವರಿ ಹೆಕ್ಟೇರಿಗೆ 20 ಕ್ವಿಂಟಾಲ್ ಇದೆಯೆಂದು ಇಟ್ಟುಕೊಳ್ಳಿ. ನಾಲ್ಕು ತಾಕುಗಳ ಸರಾಸರಿ 3 ಕಿಲೋ ಬಂದರೆ ಇಳುವರಿ 12 ಕ್ವಿಂಟಾಲ್. ಕೊರತೆ 8 ಕ್ವಿಂಟಾಲ್. ವಿಮಾ ಮೊತ್ತದ ಶೇಕಡಾ 40ರಷ್ಟು ಪರಿಹಾರ ಸಲ್ಲಬೇಕು. ಅದೇ ಸರಾಸರಿ ಮೂರೂವರೆ ಕಿಲೋ ಎಂದು ಬರೆದರೆ ಇಳುವರಿ 14 ಕ್ವಿಂಟಾಲ್ ಆಗಿ ಪರಿಹಾರ ಶೇಕಡಾ 30ಕ್ಕೆ ಇಳಿಯುತ್ತದೆ. ತಕ್ಕಡಿಯ ಅರ್ಧ ಕಿಲೋ ವ್ಯತ್ಯಾಸಕ್ಕೆ ಪಂಚಾಯಿತಿಯಲ್ಲಿ ರಾಗಿಗೆ ವಿಮೆ ಮಾಡಿಸಿದ ಪ್ರತಿಯೊಬ್ಬ ರೈತನೂ ವಿಮಾ ಮೊತ್ತದ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡಂತಾಯಿತು.

ಇಷ್ಟು ಬೆಲೆಬಾಳುವ ಕೊಯ್ಲು ನಡೆಯುವಾಗ ಅಲ್ಲಿ ಎಷ್ಟು ಮಂದಿ ರೈತರು ಇರುತ್ತಾರೆ? ಅನೇಕ ಊರುಗಳಲ್ಲಿ ಹೊಲದ ಒಡೆಯ, ಬಂದ ನೌಕರ, ವಿಮಾ ಕಂಪನಿಯ ಪ್ರತಿನಿಧಿ ಇಷ್ಟೇ ಮಂದಿ. ಕೆಲವೊಮ್ಮೆ ಒಡೆಯನೂ ಇರುವುದಿಲ್ಲ. ಯಾರೋ ಮೋಸ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ತಾಕಿನ ಮೂಲೆ ಸರಿಯಾಗಿ ಗುರುತಾಯಿತೇ, ಅಂಚಿನ ಗಿಡಗಳನ್ನು ಒಳಗೆ ಸೇರಿಸಿದರೇ ಹೊರಗೆ ಬಿಟ್ಟರೇ, ತಕ್ಕಡಿ ಸರಿಯಿದೆಯೇ, ಧಾನ್ಯದ ತೇವ ಎಷ್ಟು ಎಂಬ ಸಣ್ಣ ಸಣ್ಣ ವಿಷಯಗಳಲ್ಲಿಯೇ ಅರ್ಧ ಕಿಲೋ ವ್ಯತ್ಯಾಸ ಬರಬಹುದು. ಆದುದರಿಂದ ಪ್ರಯೋಗಕ್ಕೆ ಆಯ್ಕೆಯಾದ ಸರ್ವೆ ನಂಬರುಗಳ ಪಟ್ಟಿಯನ್ನು ಹಂಗಾಮಿನ ಆರಂಭದಲ್ಲಿಯೇ ಕೇಳಿ ತಿಳಿದುಕೊಂಡು ಊರಿನಲ್ಲಿ ಪ್ರಚಾರ ಮಾಡಬೇಕು. ಕಟಾವಿನ ದಿನ ನಾಲ್ಕಾರು ರೈತರು ಹೋಗಿ ನಿಂತು ನೋಡಬೇಕು. ನೋಡುವವರಿದ್ದರೆ ಕೆಲಸ ಮಾಡುವ ನೌಕರನಿಗೂ ಧೈರ್ಯ.

ಇದೇ ಯೋಜನೆಯಲ್ಲಿ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಪತ್ತಿನಿಂದ ಹಾನಿಯಾದರೆ 72 ಗಂಟೆಗಳ ಒಳಗಾಗಿ ತಿಳಿಸಬೇಕೆಂಬ ನಿಯಮವಿದೆ. ಈ ಒಂದು ಸಾಲು ಗೊತ್ತಿಲ್ಲದೆ ನಾಲ್ಕನೆಯ ದಿನ ಅರ್ಜಿ ಹಿಡಿದು ಹೋಗಿ ಹಿಂದಿರುಗಿದವರು ಎಷ್ಟೋ ಮಂದಿ. ಊರಿನ ಹಾಲಿನ ಡೇರಿಯ ಗೋಡೆಯ ಮೇಲೆ ಆ ಒಂದು ಸಾಲನ್ನು ಬರೆಸಿದ್ದರೆ ಆ ನಷ್ಟ ತಪ್ಪುತ್ತಿತ್ತು.

ದಾಖಲೆಯಲ್ಲಿ ನಮ್ಮ ಬೆಳೆ

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದುವು. ಪರಿಹಾರದ ಹಣ ‘ಫ್ರೂಟ್ಸ್’ ತಂತ್ರಾಂಶದಲ್ಲಿದ್ದ ರೈತರ ಜಮೀನಿನ ವಿವರ ಮತ್ತು ಬೆಳೆ ಸಮೀಕ್ಷೆಯ ದಾಖಲೆಗಳನ್ನು ಅನುಸರಿಸಿ ಖಾತೆಗೆ ಬಂದಿತು. ಜಮೀನಿನ ಎಲ್ಲ ಸರ್ವೆ ನಂಬರುಗಳನ್ನು ಸೇರಿಸದವರು, ಸಮೀಕ್ಷೆಯಲ್ಲಿ ಬೇರೊಂದು ಬೆಳೆ ದಾಖಲಾದವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಬೆಳೆ ಸಮೀಕ್ಷೆಯನ್ನು ರೈತರೇ ಮೊಬೈಲಿನಲ್ಲಿ ದಾಖಲಿಸುವ ಅವಕಾಶ 2020ರ ಮುಂಗಾರಿನಿಂದಲೇ ಇದೆ. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸುವ ಅವಕಾಶವೂ ಇದೆ. ಹೊಲದಲ್ಲಿ ತೊಗರಿ ನಿಂತಿದ್ದು ದಾಖಲೆಯಲ್ಲಿ ಹೆಸರು ಕಂಡುಬಂದರೆ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿಯೂ ತೊಡಕು, ವಿಮೆಯಲ್ಲಿಯೂ ತೊಡಕು. ತೊಡಕು ಬಂದ ಮೇಲೆ ತಿದ್ದಿಸುವುದಕ್ಕಿಂತ ಬೆಳೆ ಹೊಲದಲ್ಲಿರುವಾಗಲೇ ತಿದ್ದಿಸುವುದು ಸುಲಭ.

ಮಳೆಯ ಮಾತು ಕೂಡ ಹೀಗೆಯೇ. ದೇಶದಲ್ಲಿಯೇ ಮೊದಲನೆಯದಾಗಿ 1988ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಬರ ಉಸ್ತುವಾರಿ ಘಟಕ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಮಳೆಮಾಪಕಗಳಿವೆ. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 4 ಸಾವಿರ ಲೀಟರ್ ನೀರು. ಇಪ್ಪತ್ತು ಮಿಲಿಮೀಟರ್ ಬಿದ್ದರೆ ಎಕರೆಗೆ 80 ಸಾವಿರ ಲೀಟರ್. ಈ ಅಂಕಿಗಳು ಬಿತ್ತನೆಯ ದಿನವನ್ನು ನಿಶ್ಚಯಿಸಲು ಬೇಕು, ಬರ ಘೋಷಣೆಗೂ ಬೇಕು. ದಿನದಿನದ ಮಳೆಯನ್ನು ಪಂಚಾಯಿತಿಯ ಫಲಕದ ಮೇಲೆ ಬರೆಯಿರೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿದರೆ ಅದಕ್ಕೆ ಸುಣ್ಣದ ಕಡ್ಡಿಯ ಹೊರತು ಬೇರೆ ಖರ್ಚಿಲ್ಲ.

ಬೇಡಿಕೆಯನ್ನು ಅಳೆದು ಕೊಡಿ

ಸಭೆಯಲ್ಲಿ ‘ನಮ್ಮ ಕೆರೆ ಹೂಳೆತ್ತಿಸಿ’ ಎಂದು ಬಾಯಿಮಾತಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಅಳತೆಯೊಡನೆ ಬರೆದು ಕೊಟ್ಟದ್ದು ನಡಾವಳಿಯಲ್ಲಿ ಉಳಿಯುತ್ತದೆ. ಕೆರೆಯಂಗಳದಲ್ಲಿ 100 ಮೀಟರ್ ಉದ್ದ, 50 ಮೀಟರ್ ಅಗಲದ ಜಾಗದಲ್ಲಿ ಒಂದು ಅಡಿಯಷ್ಟು, ಅಂದರೆ 0.3 ಮೀಟರ್ ಹೂಳು ತೆಗೆದರೆ 1,500 ಘನ ಮೀಟರ್ ಆಗುತ್ತದೆ. ಅಷ್ಟು ಜಾಗದಲ್ಲಿ 15 ಲಕ್ಷ ಲೀಟರ್ ನೀರು ಹೆಚ್ಚಾಗಿ ನಿಲ್ಲುತ್ತದೆ. ಒಂದು ಟ್ರೇಲರಿಗೆ ಮೂರು ಘನ ಮೀಟರ್ ಎಂದು ಹಿಡಿದರೆ 500 ಲೋಡು ಹೂಳು ಸಿಗುತ್ತದೆ. ಇದು ಯಾವ ಯಾವ ಹೊಲಗಳಿಗೆ ಹೋಗಬೇಕು, ಸಾಗಣೆ ಯಾರದು ಎಂಬುದನ್ನೂ ಸೇರಿಸಿ ಬರೆಯಿರಿ. ಮರಳುಮಿಶ್ರಿತ ಕೆಂಪು ಮಣ್ಣಿಗೆ ಜೇಡಿ ಹೆಚ್ಚಿರುವ ಹೂಳು ತೇವ ಹಿಡಿದಿಡುವ ಶಕ್ತಿಯನ್ನು ಕೊಡುತ್ತದೆ. ಆದರೆ ಹೂಳಿನಲ್ಲಿ ಲವಣಾಂಶ ಹೆಚ್ಚಿದ್ದರೆ ಹಾನಿಯೂ ಉಂಟು. ಮೊದಲು ಮಾದರಿ ತೆಗೆದು ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕೃಷಿಹೊಂಡ, ಬದು, ತಡೆ ಅಣೆಗಳ ವಿಷಯದಲ್ಲಿಯೂ ಇದೇ ಕ್ರಮ. 2001ರ ಸುಮಾರಿನಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಆರಂಭವಾದ ಸುಜಲಾ ಜಲಾನಯನ ಯೋಜನೆಯಲ್ಲಿ ರೈತರು ತಮ್ಮ ಹೊಲದ ಕೆಲಸದ ಪಟ್ಟಿಯನ್ನು ತಾವೇ ಕುಳಿತು ಮಾಡಿದರು. ಅದರ ಮೂರನೆಯ ಹಂತದಲ್ಲಿ ಕೃಷಿ ವಿಶ್ವವಿದ್ಯಾಲಯಗಳೂ ಸೇರಿ ಆಯ್ದ ಕಿರುಜಲಾನಯನಗಳ ಮಣ್ಣಿನ ಆಳ, ಇಳಿಜಾರು, ಸವಕಳಿ, ಪೋಷಕಾಂಶಗಳನ್ನು ಸರ್ವೆ ನಂಬರುವಾರು ನಕ್ಷೆ ಮಾಡಿದುವು. ನಿಮ್ಮ ಊರಿನ ನಕ್ಷೆ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿಯೂ ಜಲಾನಯನ ಇಲಾಖೆಯಲ್ಲಿಯೂ ವಿಚಾರಿಸಿ. ಇದ್ದರೆ ಅದನ್ನು ಹಿಡಿದುಕೊಂಡು ಸಭೆಗೆ ಹೋಗಿ. ಕೆಲಸಕ್ಕೆ ಹಣ ಒದಗಿಸುವ ಯೋಜನೆಗಳ ಹೆಸರುಗಳು ಕಾಲಕಾಲಕ್ಕೆ ಬದಲಾಗುತ್ತವೆ. ಇಳಿಜಾರು ಬದಲಾಗುವುದಿಲ್ಲ. ಯಾವ ಹೆಸರಿನಲ್ಲಿ ಹಣ ಬಂದರೂ ಹಳ್ಳದ ಯಾವ ತಿರುವಿನಲ್ಲಿ ಅಣೆ ಬೇಕೆಂಬ ಪಟ್ಟಿ ಊರಿನವರ ಕೈಯಲ್ಲಿ ಸಿದ್ಧವಿರಬೇಕು.

ಇನ್ನೊಂದು ದಾಖಲೆಯ ಬಗೆಗೆ ಹೆಚ್ಚಿನವರಿಗೆ ತಿಳಿದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ನಾಟಿ ತಳಿಗಳು, ಮರಗಿಡಗಳು, ದನಕರುಗಳ ವಿವರ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಬೇಕು. ನಿಮ್ಮ ತಾತನ ಕಾಲದ ರಾಗಿ, ಭತ್ತ, ಜೋಳದ ತಳಿಗಳು ಆ ಪುಸ್ತಕದಲ್ಲಿವೆಯೇ ಎಂದು ಒಮ್ಮೆ ನೋಡಿ. ಇಲ್ಲದಿದ್ದರೆ ಬರೆಸಿ. ಇವುಗಳನ್ನು ಬಲ್ಲ ಹಿರಿಯರು ಇರುವಾಗಲೇ ಆಗಬೇಕಾದ ಕೆಲಸವಿದು.

‘ಹೋಗಿ ಏನು ಪ್ರಯೋಜನ?’

ಸಭೆಗಳು ನಾಮಕಾವಸ್ಥೆಗೆ ನಡೆಯುತ್ತವೆ, ಮನೆಮನೆಗೆ ಪುಸ್ತಕ ಕಳುಹಿಸಿ ಸಹಿ ಹಾಕಿಸುತ್ತಾರೆ, ನಾಲ್ಕು ಮಂದಿ ಮುಖಂಡರು ಮೊದಲೇ ತೀರ್ಮಾನಿಸಿರುತ್ತಾರೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ದೂರಿನಲ್ಲಿ ಹುರುಳಿದೆ. ಅಲ್ಲದೆ ಸಾಲ, ಜಾತಿ, ಪಕ್ಷಗಳ ಕಟ್ಟಿಗೆ ಸಿಕ್ಕಿ ಬಾಯಿ ಬಿಡಲಾಗದ ಸಣ್ಣ ರೈತರೂ, ಗೇಣಿದಾರರೂ ಇದ್ದಾರೆ. ಒಬ್ಬನೇ ಎದ್ದು ನಿಂತರೆ ಹಗೆ ಕಟ್ಟಿಕೊಳ್ಳಬೇಕಾದೀತೆಂಬ ಅಂಜಿಕೆ ಸುಳ್ಳಲ್ಲ. ಆದರೆ ಇದಕ್ಕೆ ಮದ್ದು ಮನೆಯಲ್ಲಿ ಕುಳಿತುಕೊಳ್ಳುವುದಲ್ಲ. ಹಾಜರಾತಿ ಇಲ್ಲದ ಸಭೆಯ ತೀರ್ಮಾನ ಯಾರ ಪರ ಆಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಗ್ರಾಮಸಭೆ ನಡೆಯಲು ಕನಿಷ್ಠ ಸಂಖ್ಯೆಯ ಸದಸ್ಯರು ಇರಲೇಬೇಕೆಂದೂ, ಹಾಜರಾದವರಲ್ಲಿ ಶೇಕಡಾ 30ಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು ಇರಬೇಕೆಂದೂ ಕಾಯ್ದೆಯಲ್ಲಿದೆ. ಸಭೆಗೆ ಬಾರದೆ ಮನೆಯಲ್ಲಿ ಸಹಿ ಹಾಕುವವರು ತಮ್ಮ ಹಕ್ಕನ್ನು ತಾವೇ ಬರೆದುಕೊಟ್ಟಂತೆ. ಸಹಿ ಸಭೆಯಲ್ಲಿ ಮಾತ್ರ ಎಂದು ಒಂದು ಬೀದಿಯವರು ನಿಶ್ಚಯಿಸಿದರೂ ಸಾಕು, ಮುಂದಿನ ಸಭೆ ಬೇರೆ ರೀತಿ ನಡೆಯುತ್ತದೆ.

ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ನಾಟಿ, ಕಳೆ, ಕೊಯ್ಲು, ಬೀಜ ಕಾಪಾಡುವುದು, ದನಕ್ಕೆ ಮೇವು ತರುವುದು ಬಹುಪಾಲು ಅವರ ಕೈಯಲ್ಲಿದೆ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಗ್ರಾಮಸಭೆಯಲ್ಲಿ ಅವರ ಹಕ್ಕು ಗಂಡಸರಷ್ಟೇ. ನಾಟಿಯ ಹೊತ್ತಿನಲ್ಲಿ, ಬೆಳಗಿನ ಹಾಲು ಕರೆಯುವ ಹೊತ್ತಿನಲ್ಲಿ ಸಭೆ ಇಟ್ಟು ‘ಹೆಂಗಸರು ಬರಲಿಲ್ಲ’ ಎನ್ನುವುದು ನ್ಯಾಯವಲ್ಲ. ಸಭೆಯ ಹೊತ್ತನ್ನು ಗೊತ್ತುಮಾಡುವಾಗಲೇ ಸ್ವಸಹಾಯ ಸಂಘಗಳನ್ನು ಕೇಳಬೇಕು.

ಏನು ಮಾಡಬಹುದು?

ಎಲ್ಲರೂ ಚುನಾವಣೆಗೆ ನಿಲ್ಲಬೇಕಿಲ್ಲ. ವರ್ಷಕ್ಕೆ ನಾಲ್ಕಾರು ದಿನ ಕೊಟ್ಟರೆ ಆಗುವ ಕೆಲಸಗಳಿವು:

1. ತಿಂಗಳಿಗೊಮ್ಮೆ ಪಂಚಾಯಿತಿಯ ಸೂಚನಾ ಫಲಕವನ್ನು ಓದಿ. ಫಲಕ ಖಾಲಿಯಿದ್ದರೆ ಏಕೆಂದು ಕೇಳಿ.

2. ವಾರ್ಡ್ ಸಭೆಯ ದಿನವನ್ನು ಮುಂಚಿತವಾಗಿ ತಿಳಿದು ಹತ್ತು ಮನೆಗಳಿಗೆ ತಿಳಿಸಿ. ಹಾಲಿನ ಡೇರಿ, ಸಹಕಾರ ಸಂಘ, ಗುಡಿಯ ಕಟ್ಟೆ, ಮಸೀದಿ, ಇಗರ್ಜಿ ಇವೆಲ್ಲ ಸುದ್ದಿ ಹರಡುವ ಜಾಗಗಳು.

3. ಬೇಡಿಕೆಯನ್ನು ಸರ್ವೆ ನಂಬರು, ಅಳತೆ, ಅನುಕೂಲ ಪಡೆಯುವ ಹೊಲಗಳ ಸಂಖ್ಯೆಯೊಡನೆ ಬರೆದು, ಐದಾರು ಮಂದಿ ಸಹಿ ಮಾಡಿ ಕೊಡಿ. ಸ್ವೀಕೃತಿ ಪಡೆಯಿರಿ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಓದಿಸಿ.

4. ಪಂಚಾಯಿತಿಯ ವರ್ಷದ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಜಮಾಬಂದಿಗೆ ತಪ್ಪದೆ ಹೋಗಿ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು.

5. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಓದು ಬಲ್ಲ ಯುವಕ ಯುವತಿಯರು ಅಲ್ಲಿ ವಾರಕ್ಕೊಮ್ಮೆ ಊರಿನ ಸುದ್ದಿಯನ್ನು ಒಂದು ಹಾಳೆಯಲ್ಲಿ ಬರೆದು ಅಂಟಿಸಲಿ. ಮಳೆ, ಬೀಜದ ದಾಸ್ತಾನು, ವಿಮೆಯ ಕೊನೆಯ ದಿನ, ಲಸಿಕೆಯ ದಿನ, ಸಭೆಯ ದಿನ ಇಷ್ಟಿದ್ದರೆ ಸಾಕು. ಓದು ಬಾರದವರಿಗೆ ಓದಿ ಹೇಳುವ ಕೆಲಸವೂ ಅವರದೇ ಆಗಲಿ.

ಈ ಪತ್ರಿಕೆಯನ್ನು ಓದುವ ರೈತರಿಗೆ ಒಂದು ವಿಶೇಷ ಹೊಣೆಯಿದೆ. ಅಕ್ಷರ ಬಲ್ಲವರು ನೀವು. ಹೊಸ ತಳಿಯ ಸುದ್ದಿಯನ್ನು ಊರಿಗೆ ಮೊದಲು ತಂದವರು ನಿಮ್ಮಂಥವರೇ. ಬೀಜೋಪಚಾರವನ್ನೂ ಹನಿ ನೀರಾವರಿಯನ್ನೂ ಮೊದಲು ಮಾಡಿ ತೋರಿಸಿ ನೆರೆಯವರಿಗೆ ನಂಬಿಕೆ ಬರಿಸಿದವರೂ ನೀವೇ. ಸಭೆಗೆ ಹೋಗುವ ಅಭ್ಯಾಸವೂ ಹಾಗೆಯೇ ಒಬ್ಬರಿಂದೊಬ್ಬರಿಗೆ ಹರಡಬೇಕಾದ ಒಂದು ಸುಧಾರಿತ ಪದ್ಧತಿ. ಮುಂದಿನ ವಾರ್ಡ್ ಸಭೆಯ ದಿನಾಂಕವನ್ನು ಈ ವಾರವೇ ವಿಚಾರಿಸಿ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಿ. ಹೋಗುವಾಗ ಅಳತೆ ಬರೆದ ಒಂದು ಚೀಟಿ ಜೇಬಿನಲ್ಲಿರಲಿ, ಜೊತೆಗೆ ಪಕ್ಕದ ಹೊಲದವರೂ ಇರಲಿ.